ರ‍್ಯಾಕೆಟ್ ಸ್ಟ್ರಿಂಗ್‌ಗಳ ಮೇಲೆ ಸ್ಟೆನ್ಸಿಲ್ ಇಂಕ್: ಯಾವುದನ್ನು ಆರಿಸಬೇಕು, ಹೇಗೆ ಹಚ್ಚಬೇಕು?

ಬೇಸ್‌ಲೈನ್ ವಾಸಿ

ಎಲ್ಲರಿಗೂ ನಮಸ್ಕಾರ. ಈಚೆಗೆ ನನ್ನ ಟೆನಿಸ್ ರ‍್ಯಾಕೆಟ್‌ಗಳಿಗೆ ನಾನೇ ಸ್ಟ್ರಿಂಗ್ ಹಾಕಿಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ. ಟೆನ್ಷನ್, ನೇಯ್ಗೆ, ಗಂಟು ಎಲ್ಲವೂ ಒಂದು ಹದಕ್ಕೆ ಬಂದಿವೆ. ಉಳಿದಿರುವುದು ಸ್ಟ್ರಿಂಗ್‌ಗಳ ಮೇಲೆ ಸ್ಟೆನ್ಸಿಲ್ (ಆಕಾರ ಕತ್ತರಿಸಿದ ಹಾಳೆ) ಇಟ್ಟು ಲಾಂಛನ ಮೂಡಿಸುವ ಕೆಲಸ. ಆಟಕ್ಕೆ ಇದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಗೊತ್ತು; ಆದರೂ ಲಾಂಛನವಿಲ್ಲದ ರ‍್ಯಾಕೆಟ್ ನೋಡಿದಾಗ ಕೆಲಸ ಅರ್ಧಕ್ಕೇ ನಿಂತಂತೆ ಅನ್ನಿಸುತ್ತದೆ.

ನನ್ನ ಬಳಿ ಎರಡು ರ‍್ಯಾಕೆಟ್‌ಗಳಿವೆ. ಒಂದರಲ್ಲಿ ಪೂರ್ತಿ ಕಪ್ಪು ಪಾಲಿಯೆಸ್ಟರ್ ಇದೆ. ಇನ್ನೊಂದರಲ್ಲಿ ಮೇನ್ ಸ್ಟ್ರಿಂಗ್‌ಗಳು (ಉದ್ದಕ್ಕೆ ಹೋಗುವವು) ನ್ಯಾಚುರಲ್ ಗಟ್, ಅಂದರೆ ಕರುಳಿನಿಂದ ಮಾಡಿದ್ದು; ಕ್ರಾಸ್ ಸ್ಟ್ರಿಂಗ್‌ಗಳು (ಅಡ್ಡಕ್ಕೆ ಹೋಗುವವು) ತಿಳಿ ಬಣ್ಣದ ಪಾಲಿಯೆಸ್ಟರ್. ಎರಡಕ್ಕೂ ಒಂದೇ ಇಂಕ್ ಸಾಕೇ? ಇದಕ್ಕೆಂದೇ ಮಾರುವ ಇಂಕ್ ಕೊಳ್ಳಬೇಕೇ, ಅಥವಾ ದಪ್ಪ ತುದಿಯ ಪರ್ಮನೆಂಟ್ ಮಾರ್ಕರ್ ಸಾಕಾಗುತ್ತದೆಯೇ? ಇಂಕ್‌ನಿಂದ ಸ್ಟ್ರಿಂಗ್‌ಗೆ ಹಾನಿಯಾಗುವುದಿಲ್ಲವೇ, ಚೆಂಡಿಗೆ ಬಣ್ಣ ಮೆತ್ತಿಕೊಳ್ಳುವುದಿಲ್ಲವೇ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಹಳೇ ಗಂಟು

ನಮಸ್ಕಾರ. ಇಂಕ್‌ನ ಬ್ರ್ಯಾಂಡ್‌ಗಿಂತ ಮೊದಲು ಸ್ಟ್ರಿಂಗ್‌ನ ಮೈ ಹೇಗಿದೆ ಎಂಬುದನ್ನು ನೋಡಬೇಕು. ಕಾಗದ ಅಥವಾ ಬಟ್ಟೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಸ್ಟ್ರಿಂಗ್ ಹೀರುವುದಿಲ್ಲ. ಅದು ಒಂದೇ ಎಳೆಯ, ನುಣುಪು ಮೈಯ ಪ್ಲಾಸ್ಟಿಕ್. ಅದರ ಮೇಲೆ ಹಚ್ಚಿದ್ದು ಒಣಗಬೇಕಾದರೆ ದ್ರಾವಕ ಗಾಳಿಗೆ ಆವಿಯಾಗಿ ಹೋಗಬೇಕು, ಬಣ್ಣ ತೆಳುಪೊರೆಯಾಗಿ ಮೇಲೆ ಕೂರಬೇಕು, ಬೇರೆ ದಾರಿಯಿಲ್ಲ. ಅದಕ್ಕಾಗಿಯೇ ವಿಲ್ಸನ್, ಬಾಬೊಲಾಟ್, ಟೂರ್ನಾ ಮುಂತಾದ ಕಂಪನಿಗಳು ಮಾರುವ ಸ್ಟೆನ್ಸಿಲ್ ಇಂಕ್ ಬೇಗ ಆರುವ ಗುಣದ್ದಾಗಿರುತ್ತದೆ. ತುದಿಯಲ್ಲಿ ಸ್ಪಂಜು ಇರುವ ಚಿಕ್ಕ ಸೀಸೆಯಲ್ಲಿ ಬರುತ್ತದೆ. ಸೀಸೆಯನ್ನು ತಲೆಕೆಳಗೆ ಮಾಡಿ ಒತ್ತಿದರೆ ಸ್ಪಂಜು ನೆನೆಯುತ್ತದೆ.

ಮಲ್ಟಿಫಿಲಮೆಂಟ್‌ನ ಸ್ವಭಾವ ಬೇರೆ. ಸಾವಿರಾರು ಸಣ್ಣ ನಾರುಗಳನ್ನು ಹೊಸೆದು ಮೇಲೆ ಒಂದು ಲೇಪ ಕೊಟ್ಟಿರುತ್ತಾರೆ. ಅಲ್ಲಿ ಇಂಕ್ ಚೆನ್ನಾಗಿ ಹಿಡಿಯುತ್ತದೆ, ಲೇಪ ಸವೆದ ಕಡೆ ಒಳಕ್ಕೂ ಇಳಿಯುತ್ತದೆ. ಹಿಡಿದದ್ದನ್ನು ಮತ್ತೆ ತೆಗೆಯುವ ಆಸೆಯನ್ನು ಮಾತ್ರ ಬಿಡಬೇಕು. ಸಿಂಥೆಟಿಕ್ ಗಟ್ ಎಂದು ಮಾರುವ ನೈಲಾನ್ ಈ ಎರಡರ ನಡುವೆ ನಿಲ್ಲುತ್ತದೆ. ನ್ಯಾಚುರಲ್ ಗಟ್ ವಿಷಯವನ್ನು ಮುಂದೆ ಪ್ರತ್ಯೇಕವಾಗಿ ಬರೆಯುತ್ತೇನೆ, ಅದಕ್ಕೆ ಒಂದೆರಡು ಎಚ್ಚರಿಕೆಗಳು ಬೇಕು.

ಬಣ್ಣದ ಬಗ್ಗೆ ಹೇಳುವುದಾದರೆ, ತಿಳಿ ಸ್ಟ್ರಿಂಗ್‌ಗೆ ಕಪ್ಪು ಅಥವಾ ಕೆಂಪು ಇಂಕ್ ಹಾಕುವುದರಲ್ಲಿ ಕಷ್ಟವೇನಿಲ್ಲ. ಕಪ್ಪು ಸ್ಟ್ರಿಂಗ್‌ಗೆ ಬಿಳಿಯನ್ನು ಬಿಟ್ಟರೆ ಹೆಚ್ಚು ಆಯ್ಕೆಗಳಿಲ್ಲ. ಕಪ್ಪಿನ ಮೇಲೆ ಕೆಂಪು ಹಚ್ಚಿದರೆ ಹತ್ತಿರದಿಂದ ಕಾಣಬಹುದು, ಅಂಗಳದ ಆಚೆಯಿಂದ ಕಾಣುವುದಿಲ್ಲ.

ಪಾಲಿಪ್ರಿಯ

ಹಳೇ ಗಂಟು ಅವರ ಮಾತಿಗೆ ಪೂರ್ತಿ ಸಮ್ಮತಿಯಿಲ್ಲ. ನಾನು ಬಹಳ ಕಾಲದಿಂದ ಪರ್ಮನೆಂಟ್ ಮಾರ್ಕರ್ ಅನ್ನೇ ಬಳಸುತ್ತಿದ್ದೇನೆ. ತಿಳಿ ಬಣ್ಣದ ಪಾಲಿಯೆಸ್ಟರ್ ಮೇಲೆ ಕಪ್ಪು ಮಾರ್ಕರ್ ಚೆನ್ನಾಗಿಯೇ ಕೂರುತ್ತದೆ, ಕ್ಷಣದಲ್ಲಿ ಒಣಗುತ್ತದೆ, ಸ್ಟೆನ್ಸಿಲ್‌ನ ಅಂಚಿನ ಕೆಳಗೆ ಹರಿಯುವುದೇ ಇಲ್ಲ. ಪಾಲಿಯೆಸ್ಟರ್‌ನ ಟೆನ್ಷನ್ ಹೇಗೂ ಬೇಗ ಇಳಿದುಹೋಗುತ್ತದೆ, ಸ್ಟ್ರಿಂಗ್ ತುಂಡಾಗುವ ಮೊದಲೇ ನಾವು ಅದನ್ನು ಕತ್ತರಿಸಿ ತೆಗೆಯುತ್ತೇವೆ. ಹಾಗಿರುವಾಗ ಲಾಂಛನ ಅದಕ್ಕಿಂತ ಹೆಚ್ಚು ಬಾಳಬೇಕೆಂದು ಪ್ರತ್ಯೇಕ ಇಂಕ್‌ಗೆ ಹಣ ಹಾಕುವುದು ನನ್ನ ದೃಷ್ಟಿಯಲ್ಲಿ ಅನಗತ್ಯ.

ಹಳೇ ಗಂಟು

ಪಾಲಿಪ್ರಿಯ ಅವರೇ, ತಿಳಿ ಸ್ಟ್ರಿಂಗ್ ಮೇಲಿನ ಕಪ್ಪು ಮಾರ್ಕರ್ ವಿಚಾರದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಸಾಮಾನ್ಯ ಮಾರ್ಕರ್‌ನಲ್ಲಿರುವುದು ಕರಗಿದ ಡೈ, ಅದು ಪಾರದರ್ಶಕ. ಬಿಳಿ ಹಿನ್ನೆಲೆಯ ಮೇಲೆ ಕಪ್ಪಾಗಿ ಕಾಣುವ ಆ ಡೈಗೆ ಕೆಳಗಿನ ಬಣ್ಣವನ್ನು ಮುಚ್ಚುವ ಶಕ್ತಿ ಇಲ್ಲ. ಬೇಸ್‌ಲೈನ್ ವಾಸಿ ಅವರ ಮೊದಲ ರ‍್ಯಾಕೆಟ್‌ನಲ್ಲಿ ಇರುವುದು ಕಪ್ಪು ಪಾಲಿಯೆಸ್ಟರ್. ಅದನ್ನು ಮುಚ್ಚಲು ಕರಗದೆ ಕಣವಾಗಿಯೇ ಉಳಿಯುವ ವರ್ಣದ್ರವ್ಯ ಬೇಕು, ಬಿಳಿಯಲ್ಲಿ ಅದು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್. ಆ ಕಣ ಭಾರವಾದದ್ದು, ಸೀಸೆಯ ತಳಕ್ಕೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಬಿಳಿ ಇಂಕ್ ನೀರುನೀರಾಗಿದೆ, ಸ್ಟ್ರಿಂಗ್ ಮುಚ್ಚುವುದೇ ಇಲ್ಲ ಎಂದು ದೂರುವ ಹೆಚ್ಚಿನವರು ಸೀಸೆಯನ್ನು ಸಾಕಷ್ಟು ಕುಲುಕಿರುವುದಿಲ್ಲ. ಒಂದೆರಡು ಸಲ ಅಲ್ಲಾಡಿಸಿದರೆ ಸಾಲದು. ತಳದಲ್ಲಿ ಕೂತದ್ದು ಪೂರ್ತಿ ಎದ್ದು ಬೆರೆಯುವವರೆಗೆ ಕುಲುಕಬೇಕು.

ಬಿಳಿ ಪೇಂಟ್ ಮಾರ್ಕರ್‌ಗಳೂ ಸಿಗುತ್ತವೆ, ಅವುಗಳಲ್ಲಿ ಇರುವುದೂ ವರ್ಣದ್ರವ್ಯವೇ. ಆದರೆ ಅವುಗಳ ಪೊರೆ ದಪ್ಪ; ಸ್ಟ್ರಿಂಗ್ ಬಾಗಿದಾಗ ಬಿರುಕು ಬಿಟ್ಟು ಹೊಪ್ಪಳೆಯಾಗಿ ಏಳುವ ಸಾಧ್ಯತೆ ಹೆಚ್ಚು.

ವಾಲಿ ವೀರ

ಮನೆಯಲ್ಲಿ ಇರುವ ಬೇರೆ ಬಣ್ಣಗಳನ್ನು ಬಳಸಬಹುದೇ? ರಬ್ಬರ್ ಸ್ಟಾಂಪ್‌ನ ಪ್ಯಾಡಿಗೆ ಹಾಕುವ ಇಂಕ್, ಅಕ್ರಿಲಿಕ್ ಬಣ್ಣ, ಉಗುರುಬಣ್ಣ, ಸ್ಪ್ರೇ ಪೇಂಟ್ ಹೀಗೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಹಳೇ ಗಂಟು

ಸ್ಟಾಂಪ್ ಪ್ಯಾಡಿನ ಇಂಕ್ ಬೇಡವೇ ಬೇಡ. ಪ್ಯಾಡಿನಲ್ಲಿ ಒಣಗದೆ ಉಳಿಯಬೇಕು, ಕಾಗದದಲ್ಲಿ ಇಂಗಬೇಕು ಎಂದು ಅದನ್ನು ತಯಾರಿಸಿರುತ್ತಾರೆ. ಇಂಗಲು ಜಾಗವಿಲ್ಲದ ಪ್ಲಾಸ್ಟಿಕ್ ಮೇಲೆ ಅದು ದಿನಗಟ್ಟಲೆ ಹಸಿಯಾಗಿಯೇ ಇದ್ದು ಚೆಂಡು, ಚೀಲ, ಅಂಗಿ ಎಲ್ಲಕ್ಕೂ ಅಂಟುತ್ತದೆ. ಉಗುರುಬಣ್ಣ ಬೇಗ ಒಣಗುತ್ತದೆ, ಆದರೆ ಗಡುಸಾಗುತ್ತದೆ. ಕೆಲವೇ ಹೊಡೆತಗಳಲ್ಲಿ ಚೂರುಚೂರಾಗಿ ಉದುರುತ್ತದೆ. ಅಕ್ರಿಲಿಕ್ ಕೂಡ ನುಣುಪು ಪಾಲಿಯೆಸ್ಟರ್ ಮೇಲೆ ಸಿಪ್ಪೆಯಂತೆ ಸುಲಿದುಬರುತ್ತದೆ. ಸ್ಪ್ರೇ ಪೇಂಟ್ ನಾಲ್ಕರಲ್ಲೂ ಕೆಟ್ಟದ್ದು: ಸ್ಟೆನ್ಸಿಲ್‌ನ ಅಡಿಗೆ ಹೊಕ್ಕು ಅಂಚನ್ನು ಮಸುಕಾಗಿಸುತ್ತದೆ, ಫ್ರೇಮಿನ ಮೇಲೆ ಹನಿಯಾಗಿ ಕೂರುತ್ತದೆ, ಸ್ಟ್ರಿಂಗ್‌ಗಳು ಒಂದನ್ನೊಂದು ದಾಟುವ ಜಾಗದಲ್ಲಿ ಎರಡನ್ನೂ ಸೇರಿಸಿ ಬೆಸೆದುಬಿಡುತ್ತದೆ.

ಟಾಪ್‌ಸ್ಪಿನ್

ಸ್ಟ್ರಿಂಗ್‌ಗಳು ಬೆಸೆಯುವ ಮಾತು ಬಂದಿದ್ದರಿಂದ ಒಂದು ಗಂಭೀರ ಆಕ್ಷೇಪಣೆ. ಪಾಲಿಯೆಸ್ಟರ್ ಬಳಸುವ ಮುಖ್ಯ ಕಾರಣವೇ ಅದರ ಜಾರುಗುಣ. ಚೆಂಡಿನ ಮೈಯನ್ನು ಉಜ್ಜಿಕೊಂಡು ಹೊಡೆದಾಗ ಮೇನ್ ಸ್ಟ್ರಿಂಗ್‌ಗಳು ಪಕ್ಕಕ್ಕೆ ಸರಿದು, ಚೆಂಡು ಬಿಡುವ ಮುನ್ನವೇ ತಮ್ಮ ಜಾಗಕ್ಕೆ ಮರಳುತ್ತವೆ. ಆ ಮರಳುವಿಕೆಯಿಂದಲೇ ಚೆಂಡಿಗೆ ಹೆಚ್ಚಿನ ತಿರುಗು ಸಿಗುತ್ತದೆ. ಸ್ಟ್ರಿಂಗ್‌ಗಳ ನಡುವಿನ ಘರ್ಷಣೆ ಹೆಚ್ಚಾದಷ್ಟೂ ಈ ಲಾಭ ಕಡಿಮೆಯಾಗುತ್ತದೆ. ಜಾರಲೆಂದೇ ಕೊಂಡ ಸ್ಟ್ರಿಂಗ್‌ನ ದಾಟುಗಳಲ್ಲಿ, ಅದೂ ಚೆಂಡು ಬೀಳುವ ನಟ್ಟನಡುವೆ, ಅಂಟಿಕೊಳ್ಳುವ ಪದಾರ್ಥವೊಂದನ್ನು ನಾವೇ ತುಂಬುವುದು ಸರಿಯೇ? ನನಗಂತೂ ಮನಸ್ಸು ಬರುವುದಿಲ್ಲ, ನನ್ನ ರ‍್ಯಾಕೆಟ್‌ಗಳು ಬರಿದಾಗಿಯೇ ಇವೆ.

ಹಳೇ ಗಂಟು

ಪ್ರಶ್ನೆ ನ್ಯಾಯವಾದದ್ದು, ಬಹುಮಂದಿ ಗಮನಿಸದ ಸಂಗತಿಯೂ ಹೌದು. ಆದರೆ ಇಂಕ್ ದಾಟಿನೊಳಗೆ ಹೋಗುವುದು ಹೇಗೆ ಎಂಬುದನ್ನು ನೋಡೋಣ. ಪ್ರತಿ ದಾಟಿನಲ್ಲಿ ಒಂದು ಸ್ಟ್ರಿಂಗ್ ಮೇಲಿರುತ್ತದೆ, ಇನ್ನೊಂದು ಕೆಳಗಿರುತ್ತದೆ. ಮೇಲಿರುವುದರ ನೆತ್ತಿಗೆ ಮಾತ್ರ ಇಂಕ್ ತಾಗಿದರೆ ಇವೆರಡರ ನಡುವೆ ಏನೂ ಸೇರುವುದಿಲ್ಲ. ಇಂಕ್ ಹೆಚ್ಚಾಗಿ ಪಕ್ಕಕ್ಕೆ ಇಳಿದಾಗ ಮಾತ್ರ ದಾಟಿನ ಕಿರಿದಾದ ಸಂದು ಅದನ್ನು ಒಳಗೆಳೆದುಕೊಳ್ಳುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವುದೂ ಇದೇ ಬಲದಿಂದ. ಹಾಗಾಗಿ ಒಳಗೆ ಎಷ್ಟು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವು ಹಚ್ಚುವ ಪ್ರಮಾಣ. ಅರೆ ಒಣಗಿದ ಸ್ಪಂಜಿನಿಂದ ತಟ್ಟಿದವರ ರ‍್ಯಾಕೆಟ್‌ನಲ್ಲಿ ದಾಟುಗಳು ಬಹುಪಾಲು ಸ್ವಚ್ಛವಾಗಿಯೇ ಉಳಿಯುತ್ತವೆ.

ಸ್ವಲ್ಪ ಹೋದರೂ ಆ ಪೊರೆ ದುರ್ಬಲವಾದದ್ದು. ಮೇನ್ ಸ್ಟ್ರಿಂಗ್ ಮೊದಲ ಕೆಲವು ಬಾರಿ ಸರಿದಾಗಲೇ ಒಡೆದುಹೋಗುತ್ತದೆ. ಬೇಕಾದರೆ ಇಂಕ್ ಪೂರ್ತಿ ಒಣಗಿದ ಮೇಲೆ ಲಾಂಛನದ ಜಾಗದ ಮೇನ್ ಸ್ಟ್ರಿಂಗ್‌ಗಳನ್ನು ಬೆರಳಿನಿಂದ ಒಂದೊಂದಾಗಿ ಆಚೀಚೆ ಸರಿಸಿ ಬಿಡಿಸಿಕೊಳ್ಳಬಹುದು. ಆಗ ಚಿಟಚಿಟ ಸದ್ದು ಕೇಳಿಸಿದರೆ ಇಂಕ್ ಅಗತ್ಯಕ್ಕಿಂತ ಹೆಚ್ಚಾಗಿತ್ತೆಂದು ತಿಳಿಯಬೇಕು.

ಟಾಪ್‌ಸ್ಪಿನ್

ವಿವರಣೆ ಒಪ್ಪತಕ್ಕದ್ದೇ. ಆದರೂ ಪಂದ್ಯದ ಹಿಂದಿನ ರಾತ್ರಿ ಹಚ್ಚಿ, ಬೆಳಿಗ್ಗೆ ನೇರವಾಗಿ ಅಂಗಳಕ್ಕೆ ಇಳಿಯುವುದು ಬೇಡ ಎಂದಾದರೂ ಹೇಳಿ.

ಹಳೇ ಗಂಟು

ಅದಕ್ಕೆ ನನ್ನ ಸಹಮತವಿದೆ. ಹಚ್ಚಿದ ರ‍್ಯಾಕೆಟ್‌ನಲ್ಲಿ ಮೊದಲು ಒಂದಷ್ಟು ಹೊತ್ತು ಅಭ್ಯಾಸ ಆಡಿಕೊಳ್ಳುವುದು ಒಳ್ಳೆಯದು.

ಅಳತೆಗೋಲು

ಇಂಕ್‌ನಷ್ಟೇ ಮುಖ್ಯವಾದದ್ದು ಸ್ಟೆನ್ಸಿಲ್‌ನ ಆಕಾರ. ನಾವು ಬಣ್ಣ ಹಚ್ಚುತ್ತಿರುವುದು ತುಂಬಿದ ಹಾಳೆಗಲ್ಲ, ಬಹುಪಾಲು ಖಾಲಿ ಇರುವ ಬಲೆಗೆ. ಸ್ಟ್ರಿಂಗ್‌ನ ದಪ್ಪ 1.25 ಮಿಲಿಮೀಟರ್, ಎರಡು ಸ್ಟ್ರಿಂಗ್‌ಗಳ ಅಂತರ ಎರಡೂ ದಿಕ್ಕಿನಲ್ಲಿ 10 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಆಗ 100 ಚದರ ಮಿಲಿಮೀಟರ್‌ನ ಒಂದು ಚೌಕದಲ್ಲಿ ಸ್ಟ್ರಿಂಗ್ ಇರುವ ಜಾಗ ಸುಮಾರು 23 ಚದರ ಮಿಲಿಮೀಟರ್ ಮಾತ್ರ. ಮಿಕ್ಕ ಮುಕ್ಕಾಲು ಪಾಲು ಗಾಳಿ. ಹೀಗಿರುವಲ್ಲಿ 5 ಮಿಲಿಮೀಟರ್ ಅಗಲದ ಲಂಬ ಗೆರೆಯೊಂದು ಎರಡು ಮೇನ್ ಸ್ಟ್ರಿಂಗ್‌ಗಳ ನಡುವೆ ಬಿದ್ದರೆ ಅದು ಕ್ರಾಸ್ ಸ್ಟ್ರಿಂಗ್‌ಗಳ ಮೇಲೆ ಬಿಡಿ ಚುಕ್ಕೆಗಳಾಗಿ ಉಳಿಯುತ್ತದೆಯೇ ಹೊರತು ಗೆರೆಯಾಗಿ ಕಾಣುವುದೇ ಇಲ್ಲ. ಅದಕ್ಕೇ ಕಂಪನಿಗಳ ಲಾಂಛನಗಳು ದಪ್ಪ ಗೆರೆಗಳ, ಸರಳ ಆಕಾರಗಳಾಗಿರುತ್ತವೆ. ಮನೆಯಲ್ಲೇ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಮ್ಮ ಹೆಸರಿನ ಅಕ್ಷರ ಮೂಡಿಸಲು ಹೊರಡುವವರು ಇದನ್ನು ನೆನಪಿಡಬೇಕು. ಕನ್ನಡ ಅಕ್ಷರಗಳ ಕೊಂಬು, ದೀರ್ಘ, ಒತ್ತುಗಳು ಈ ಬಲೆಯಲ್ಲಿ ನಿಲ್ಲುವುದಿಲ್ಲ. 18×20 ನೇಯ್ಗೆಯಲ್ಲಿ (18 ಮೇನ್, 20 ಕ್ರಾಸ್) ಸ್ಟ್ರಿಂಗ್‌ಗಳು ಒತ್ತಾಗಿ ಇರುವುದರಿಂದ ಆಕಾರ ಸ್ವಲ್ಪ ಸ್ಪಷ್ಟವಾಗುತ್ತದೆ, 16×19ರಲ್ಲಿ ಅಷ್ಟು ಇರುವುದಿಲ್ಲ.

ಇನ್ನೊಂದು ವಿಷಯ. ವಿಲ್ಸನ್‌ನ ಡಬ್ಲ್ಯೂ ಅಕ್ಷರದಂತೆ ಎಡಬಲ ಒಂದೇ ರೀತಿ ಇರುವ ಆಕಾರವಾದರೆ ಎರಡು ಮುಖಗಳಲ್ಲೂ ಇಂಕ್ ಸ್ಟ್ರಿಂಗ್‌ನ ಅದೇ ಭಾಗದ ಮೇಲೆ ಬೀಳುತ್ತದೆ, ಹಾಗಾಗಿ ಅಂಚುಗಳು ಖಚಿತವಾಗಿ ಕಾಣುತ್ತವೆ. ಎಡಬಲ ಬೇರೆಯಾದ ಆಕಾರವನ್ನು ಎರಡೂ ಕಡೆ ಸರಿಯಾಗಿ ಓದುವಂತೆ ಹಾಕಿದರೆ, ಒಂದು ಮುಖದ ಇಂಕ್ ಇನ್ನೊಂದು ಮುಖದ ಖಾಲಿ ಭಾಗದ ಹಿಂದೆ ಬರುತ್ತದೆ. ಸ್ಟ್ರಿಂಗ್‌ನ ಪಕ್ಕಗಳಿಗೂ ಬಣ್ಣ ಇಳಿದಿದ್ದರೆ ಎರಡೂ ಬೆರೆತು ಕಲೆಯಂತೆ ಕಾಣುತ್ತದೆ. ಅಂಥ ಆಕಾರವನ್ನು ಒಂದೇ ಮುಖಕ್ಕೆ ಹಾಕುವುದು ಲೇಸು.

ಬೇಸ್‌ಲೈನ್ ವಾಸಿ

ಇಷ್ಟು ವಿಷಯವಿದೆಯೆಂದು ಊಹಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಳೇ ಗಂಟು ಸರ್, ಹಚ್ಚುವ ಕ್ರಮವನ್ನು ದಯವಿಟ್ಟು ಮೊದಲಿನಿಂದ ಹೇಳುವಿರಾ? ಅರೆ ಒಣಗಿದ ಸ್ಪಂಜು ಎಂದರೆ ಎಷ್ಟು ಒಣಗಿರಬೇಕು?

ಹಳೇ ಗಂಟು

ಹೇಳುತ್ತೇನೆ. ರ‍್ಯಾಕೆಟ್ ಅನ್ನು ಯಂತ್ರದಿಂದ ಇಳಿಸಿದ ಮೇಲೆ ಮೊದಲ ಕೆಲಸ ಸ್ಟ್ರಿಂಗ್‌ಗಳನ್ನು ನೇರ ಮಾಡುವುದು. ಇಂಕ್ ಹಚ್ಚಿದ ನಂತರ ಸ್ಟ್ರಿಂಗ್ ಸರಿಸಿದರೆ ಲಾಂಛನದ ಅಂಚು ಹಲ್ಲುಹಲ್ಲಾಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಆಮೇಲೆ ಮೈ ಒರೆಸಬೇಕು. ಹೊಸ ಪಾಲಿಯೆಸ್ಟರ್ ಮೇಲೆ ಜಾರುವ ಲೇಪವೋ ಎಣ್ಣೆಯ ಅಂಶವೋ ಇರಬಹುದು, ನೇಯುವಾಗ ನಮ್ಮ ಕೈಬೆವರೂ ಹತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಲಾಂಛನ ಬರುವ ಜಾಗವನ್ನಷ್ಟೇ ಒರೆಸಿ ಆರಲು ಬಿಡಬೇಕು. ಇಷ್ಟು ಮಾಡಿದರೆ ಪಾಲಿಯೆಸ್ಟರ್ ಮೇಲೆ ಇಂಕ್ ಬಾಳುವ ಅವಧಿಯಲ್ಲಿ ಎದ್ದುಕಾಣುವ ವ್ಯತ್ಯಾಸವಾಗುತ್ತದೆ.

ಮೂರನೆಯದು ಆಧಾರ. ರ‍್ಯಾಕೆಟ್ ಅನ್ನು ಮೇಜಿನ ಮೇಲೆ ಮಲಗಿಸಿದಾಗ ಸ್ಟ್ರಿಂಗ್‌ಗಳು ಮೇಜಿಗೆ ತಾಗಿರುವುದಿಲ್ಲ. ಫ್ರೇಮಿನ ದಪ್ಪದ ಅರ್ಧದಷ್ಟು ಮೇಲಿರುತ್ತವೆ. ಫ್ರೇಮ್ 24 ಮಿಲಿಮೀಟರ್ ದಪ್ಪವಿದ್ದರೆ ಕೆಳಗೆ ಸುಮಾರು 11 ಮಿಲಿಮೀಟರ್ ಖಾಲಿ ಇರುತ್ತದೆ. ಆ ದಪ್ಪದ ಹಳೆಯ ಪುಸ್ತಕವೊಂದನ್ನು ಅಡಿಗಿಟ್ಟು ಮೇಲೆ ರದ್ದಿ ಕಾಗದ ಹಾಸಿದರೆ, ಒತ್ತಿದಾಗ ಸ್ಟ್ರಿಂಗ್‌ಗಳು ಕೆಳಕ್ಕೆ ಬಾಗುವುದಿಲ್ಲ, ಸ್ಟೆನ್ಸಿಲ್ ಬಿಗಿಯಾಗಿ ಕೂರುತ್ತದೆ. ಸ್ಟೆನ್ಸಿಲ್ ಅನ್ನು ನಡುವಿನ ಎರಡು ಮೇನ್ ಸ್ಟ್ರಿಂಗ್‌ಗಳಿಗೆ ಹೊಂದಿಸಿ ಇಟ್ಟು, ಎಡಗೈಯ ಬೆರಳುಗಳನ್ನು ಅಗಲಿಸಿ ಅದರ ಮೇಲೆ ಊರಬೇಕು. ನೇಯ್ಗೆ ಏರಿಳಿತದ್ದಾದ್ದರಿಂದ ಸ್ಟೆನ್ಸಿಲ್ ದಾಟುಗಳ ನೆತ್ತಿಯನ್ನು ಮಾತ್ರ ಮುಟ್ಟುತ್ತದೆ. ಎರಡು ದಾಟುಗಳ ನಡುವೆ ಸಣ್ಣ ಸಂದು ಇದ್ದೇ ಇರುತ್ತದೆ. ಹೆಚ್ಚಿನ ಇಂಕ್ ಸ್ಟೆನ್ಸಿಲ್‌ನ ಅಡಿಗೆ ನುಸುಳುವುದು ಆ ಸಂದಿನಿಂದಲೇ.

ಈಗ ಸ್ಪಂಜು. ಸೀಸೆ ಕುಲುಕಿ, ತಲೆಕೆಳಗೆ ಹಿಡಿದು, ಸ್ಪಂಜನ್ನು ರದ್ದಿ ಕಾಗದದ ಮೇಲೆ ಒತ್ತಿ ನೆನೆಸಬೇಕು. ಆಮೇಲೆ ಸೀಸೆಯನ್ನು ನೇರ ಮಾಡಿ, ಸ್ಪಂಜನ್ನು ಕಾಗದದ ಮೇಲೆ ತಟ್ಟುತ್ತಾ ಹೋಗಬೇಕು. ಮೊದಲು ಹನಿ ನಿಲ್ಲುವ ಗುರುತು ಬೀಳುತ್ತದೆ, ನಂತರ ಹೊಳೆಯುವ ಗುರುತು, ಆಮೇಲೆ ಹೊಳಪಿಲ್ಲದ ಸಮನಾದ ಗುರುತು. ಆ ಮೂರನೆಯ ಹಂತವೇ ನಾನು ಹೇಳಿದ ಅರೆ ಒಣಗಿದ ಸ್ಪಂಜು. ಅಲ್ಲಿಂದ ಸ್ಟ್ರಿಂಗ್ ಮೇಲೆ ಲಂಬವಾಗಿ ತಟ್ಟಬೇಕು, ಎಳೆಯಬಾರದು. ಎಳೆದರೆ ಸ್ಟ್ರಿಂಗ್‌ನ ಅಂಚು ಸ್ಪಂಜನ್ನು ಹಿಂಡಿ ಒಳಗಿನ ಇಂಕ್ ಎಲ್ಲವನ್ನೂ ಒಂದು ಪಕ್ಕಕ್ಕೆ ಸುರಿಸುತ್ತದೆ. ಸ್ಟೆನ್ಸಿಲ್‌ನ ಅಂಚಿನಲ್ಲಿ ಮೊದಲು ಹಗುರವಾಗಿ ತಟ್ಟಿ, ಅದು ಆರುತ್ತಾ ಬಂದ ಹಾಗೆ ನಡುಭಾಗ ತುಂಬುವುದು ನನ್ನ ರೂಢಿ. ಬಣ್ಣ ಸಾಲದು ಅನ್ನಿಸಿದರೆ ಆಗಲೇ ಮತ್ತೆ ನೆನೆಸಬೇಡಿ. ಮೊದಲ ಲೇಪ ಆರಿದ ಮೇಲೆ ಇನ್ನೊಂದು ತೆಳುಲೇಪ ಕೊಡಿ.

ಸ್ಟೆನ್ಸಿಲ್ ಎತ್ತುವಾಗ ಪಕ್ಕಕ್ಕೆ ಜಾರಿಸದೆ ನೇರವಾಗಿ ಮೇಲೆತ್ತಬೇಕು. ಅದರ ಅಡಿಭಾಗವನ್ನು ಒರೆಸದೆ ಇನ್ನೊಂದು ಮುಖಕ್ಕೆ ಇಡಬಾರದು. ಕಿಟಕಿ ತೆರೆದಿಟ್ಟುಕೊಳ್ಳಿ, ದ್ರಾವಕದ ವಾಸನೆ ತಲೆನೋವು ತರುತ್ತದೆ. ಹತ್ತಿರದಲ್ಲಿ ಬೆಂಕಿ ಇರಬಾರದು.

ಕೋರ್ಟ್ ಪಕ್ಕದ ಬೆಂಚು

ಚೆಂಡಿಗೆ ಬಣ್ಣ ಮೆತ್ತುವ ಬಗ್ಗೆ ಮೊದಲ ಪ್ರಶ್ನೆಯಲ್ಲಿ ಕೇಳಿದ್ದರು, ಯಾರೂ ಉತ್ತರಿಸಿದಂತಿಲ್ಲ. ಸ್ವಲ್ಪ ಬಣ್ಣ ಹತ್ತಿಯೇ ಹತ್ತುತ್ತದೆ. ಚೆಂಡಿನ ಹೊದಿಕೆ ಉಣ್ಣೆ ಮತ್ತು ನೈಲಾನ್ ಬೆರೆತ ಒರಟು ಬಟ್ಟೆ. ಪ್ರತಿ ಹೊಡೆತದಲ್ಲೂ ಅದು ಸ್ಟ್ರಿಂಗ್‌ನ ನೆತ್ತಿಯನ್ನು ಉಜ್ಜುತ್ತದೆ. ಪೂರ್ತಿ ಒಣಗಿದ ತೆಳುಲೇಪವಾದರೆ ಆಟದ ಆರಂಭದಲ್ಲಿ ಮಸುಕಾದ ಗುರುತುಗಳು ಕಂಡು ಆಮೇಲೆ ನಿಲ್ಲುತ್ತವೆ. ದಪ್ಪವಾಗಿ ಬಳಿದದ್ದು ಚೆಂಡಿನ ಮೇಲೆ ಜಾಲರಿಯ ಚಿತ್ರವನ್ನೇ ಬಿಡಿಸುತ್ತದೆ, ಎದುರಾಳಿಯ ಮುಖ ಗಂಟಿಕ್ಕುತ್ತದೆ. ಹಳದಿ ಚೆಂಡಿನ ಮೇಲೆ ಕಪ್ಪು ಕೆಂಪು ಎರಡೂ ಎದ್ದುಕಾಣುತ್ತವೆ, ಬಿಳಿ ಅಷ್ಟು ಕಾಣುವುದಿಲ್ಲ. ಮುಟ್ಟಿದರೆ ಕೈಗೆ ಅಂಟದ ಸ್ಥಿತಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ನಿಜ. ಆದರೆ ಒಂದು ರಾತ್ರಿ ಹಾಗೇ ಬಿಟ್ಟದ್ದಕ್ಕೂ ಅರ್ಧ ಗಂಟೆಯಲ್ಲಿ ಆಡಲು ತೆಗೆದುಕೊಂಡದ್ದಕ್ಕೂ ವ್ಯತ್ಯಾಸ ಕಾಣುತ್ತದೆ. ಥಂಡಿ, ತೇವದ ದಿನಗಳಲ್ಲಂತೂ ಇನ್ನೂ ಹೆಚ್ಚು ಹೊತ್ತು ಬೇಕು.

ವಾಲಿ ವೀರ

ಸ್ಟ್ರಿಂಗ್‌ಗೆ ಬಣ್ಣ ಹಚ್ಚುವುದು ನಿಯಮಕ್ಕೆ ವಿರುದ್ಧವಾಗುವುದಿಲ್ಲವೇ? ಸ್ಟ್ರಿಂಗ್‌ಗಳ ಮೇಲೆ ಏನನ್ನೂ ಸೇರಿಸಬಾರದು ಎಂದು ಕೇಳಿದ ನೆನಪು.

ಅಳತೆಗೋಲು

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ನಿಯಮ ರ‍್ಯಾಕೆಟ್‌ಗೆ ಲಗತ್ತಿಸುವ ವಸ್ತುಗಳನ್ನು, ಆಟದ ಗುಣವನ್ನು ಬದಲಿಸುವ ಸಾಧನಗಳನ್ನು ನಿರ್ಬಂಧಿಸುತ್ತದೆ. ಹೊಡೆಯುವ ಮೇಲ್ಮೈ ಸಮತಟ್ಟಾಗಿರಬೇಕು, ಎರಡೂ ಮುಖಗಳ ಗುಣ ಒಂದೇ ಆಗಿರಬೇಕು ಎನ್ನುತ್ತದೆ. ಈ ಕಟ್ಟುನಿಟ್ಟಿನ ಹಿಂದೆ ಸ್ಪಾಗೆಟಿ ರ‍್ಯಾಕೆಟ್ ಎಂದು ಹೆಸರಾದ ಎರಡು ಪದರ ಸ್ಟ್ರಿಂಗ್‌ನ ರ‍್ಯಾಕೆಟ್ ಇದೆ. ಅದು ಚೆಂಡಿಗೆ ವಿಪರೀತ ತಿರುಗು ಕೊಡುತ್ತಿದ್ದುದರಿಂದ 1977ರಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿ, 1978ರಲ್ಲಿ ರ‍್ಯಾಕೆಟ್ ಹೇಗಿರಬೇಕೆಂಬ ವ್ಯಾಖ್ಯೆಯನ್ನೇ ನಿಯಮಕ್ಕೆ ಸೇರಿಸಿದರು. ಇಂಕ್‌ನ ತೆಳುಪೊರೆ ಈ ಯಾವುದಕ್ಕೂ ಧಕ್ಕೆ ತರುವುದಿಲ್ಲ, ವೃತ್ತಿಪರ ಆಟಗಾರರ ರ‍್ಯಾಕೆಟ್‌ಗಳ ಮೇಲೆ ತಯಾರಕರ ಲಾಂಛನವನ್ನು ನಾವು ದಿನವೂ ನೋಡುತ್ತೇವೆ. ಆ ಮಟ್ಟದಲ್ಲಿ ತಕರಾರು ಬರುವುದಿದ್ದರೆ ಅದು ಯಾರ ಲಾಂಛನ ಎಂಬ ಜಾಹೀರಾತಿನ ನಿಯಮಗಳ ಕಾರಣಕ್ಕೆ. ಬಿಡುವಿನ ಆಟಗಾರರಿಗೆ ಆ ಚಿಂತೆಯಿಲ್ಲ.

ಹಳೇ ಗಂಟು

ನ್ಯಾಚುರಲ್ ಗಟ್ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಇದು ದನದ ಕರುಳಿನ ಪದರದಿಂದ ಮಾಡಿದ್ದು. ಬಾಬೊಲಾಟ್ 1875ರಿಂದ ಇದನ್ನು ತಯಾರಿಸುತ್ತಿದೆ. ಇದರ ದೊಡ್ಡ ಶತ್ರು ತೇವ. ತೇವ ಹೊಕ್ಕರೆ ನಾರುಗಳು ಉಬ್ಬಿ ಬಿಡಿಬಿಡಿಯಾಗುತ್ತವೆ. ಅದನ್ನು ತಡೆಯಲೆಂದೇ ಮೇಲೆ ಲೇಪ ಕೊಟ್ಟಿರುತ್ತಾರೆ. ಆದ್ದರಿಂದ ಗಟ್ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಬೇಡ, ಬೇಗ ಆರುವ ದ್ರಾವಕದ ಇಂಕ್ ಇರಲಿ, ಅದೂ ತೆಳುವಾಗಿ. ಇಂಕ್ ಹಚ್ಚುವ ಮುಂಚಿನ ಆಲ್ಕೋಹಾಲ್ ಒರೆಸುವಿಕೆಯನ್ನು ಇಲ್ಲಿ ಬಿಟ್ಟುಬಿಡಿ, ಒಣ ಬಟ್ಟೆ ಸಾಕು. ಮೂಡಿದ ಲಾಂಛನ ಚೆನ್ನಾಗಿ ಬರಲಿಲ್ಲವೆಂದು ದ್ರಾವಕ ಹಾಕಿ ಉಜ್ಜಿ ತೆಗೆಯಲು ಹೋದರೆ ಇಂಕ್ ಜೊತೆಗೆ ಕಾಪಾಡುವ ಲೇಪವೂ ಹೋಗಬಹುದು. ನನ್ನ ಅಭಿಪ್ರಾಯದಲ್ಲಿ ಗಟ್ ಮೇಲಿನ ವಕ್ರ ಲಾಂಛನವನ್ನು ವಕ್ರವಾಗಿಯೇ ಇರಗೊಡುವುದು ಜಾಣತನ; ಈ ಸ್ಟ್ರಿಂಗ್ ಎಲ್ಲಕ್ಕಿಂತ ದುಬಾರಿ, ಅಲಂಕಾರಕ್ಕಾಗಿ ಅದರ ಆಯುಷ್ಯ ಕಡಿಮೆ ಮಾಡಿಕೊಳ್ಳಬೇಕಾಗಿಲ್ಲ.

ಬೇಸ್‌ಲೈನ್ ವಾಸಿ ಅವರ ಹೈಬ್ರಿಡ್ (ಎರಡು ಬಗೆಯ ಸ್ಟ್ರಿಂಗ್‌ನ) ರ‍್ಯಾಕೆಟ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇನ್ ಗಟ್ ಆಗಿರುವುದರಿಂದ ಅಲ್ಲಿ ಇಂಕ್ ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರ್ ಕ್ರಾಸ್‌ಗಳಲ್ಲಿ ಬೇಗ ಸವೆಯುತ್ತದೆ. ಕೆಲವು ವಾರ ಆಡಿದ ಮೇಲೆ ಲಂಬ ಗೆರೆಗಳು ಗಾಢವಾಗಿ, ಅಡ್ಡ ಗೆರೆಗಳು ಮಸುಕಾಗಿ ಕಾಣುವುದು ಸಹಜ. ಅಡ್ಡ ಗೆರೆಗಳಿಗೆ ಮಾತ್ರ ಪಾಲಿಪ್ರಿಯ ಅವರ ಮಾರ್ಕರ್‌ನಿಂದ ಆಗಾಗ ತಿದ್ದಿಕೊಳ್ಳಬಹುದು.

ಪಾಲಿಪ್ರಿಯ

ಅಂತೂ ಮಾರ್ಕರ್‌ಗೆ ಒಂದು ಜಾಗ ಸಿಕ್ಕಿತು, ಸಂತೋಷ! ತೆಗೆಯುವ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಪಾಲಿಯೆಸ್ಟರ್ ಮೇಲಿನ ಇಂಕ್ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬಹುತೇಕ ಬಿಡುತ್ತದೆ, ಸ್ವಲ್ಪ ತಾಳ್ಮೆ ಬೇಕು. ಅವಸರಕ್ಕೆ ಅಸಿಟೋನ್ ಅಥವಾ ಪೇಂಟ್ ಥಿನ್ನರ್ ತೆಗೆದುಕೊಳ್ಳುವವರಿದ್ದಾರೆ. ಅದರ ಒಂದು ಹನಿ ಫ್ರೇಮಿಗೆ ಬಿದ್ದರೆ ಅಲ್ಲಿನ ಬಣ್ಣ, ವಾರ್ನಿಷ್ ಕಿತ್ತುಬರುತ್ತದೆ. ಸ್ಟ್ರಿಂಗ್ ಹೇಗೂ ಬದಲಾಗುತ್ತದೆ, ಫ್ರೇಮ್ ಬದಲಾಗುವುದಿಲ್ಲ. ಪ್ಲಾಸ್ಟಿಕ್ ಸ್ಟೆನ್ಸಿಲ್ ತೊಳೆಯಲೂ ಆಲ್ಕೋಹಾಲೇ ಸಾಕು, ಇಂಕ್ ಹಸಿಯಿರುವಾಗಲೇ ಒರೆಸಿದರೆ ಅದೂ ಹೆಚ್ಚು ಬೇಕಾಗುವುದಿಲ್ಲ. ಒಣಗಿದ ಇಂಕ್ ಪದರಪದರವಾಗಿ ಕೂತ ಸ್ಟೆನ್ಸಿಲ್‌ನ ಅಂಚು ದಿನ ಕಳೆದಂತೆ ಮೊಂಡಾಗುತ್ತದೆ.

ಬೇಸ್‌ಲೈನ್ ವಾಸಿ

ತೆಗೆದು ಬಿಸಾಡಿದ್ದ ಹಳೆಯ ಕಪ್ಪು ಸ್ಟ್ರಿಂಗ್‌ನ ತುಂಡುಗಳನ್ನು ಕಾಗದದ ಮೇಲೆ ಅಂಟಿಸಿ ಬಿಳಿ ಇಂಕ್ ತಟ್ಟಿ ನೋಡಿದೆ. ಒಂದು ಲೇಪಕ್ಕೆ ಬೂದು ಬಣ್ಣವಾಗುತ್ತದೆ, ಬಿಳಿಯಾಗುವುದಿಲ್ಲ. ಎರಡನೆಯ ಲೇಪಕ್ಕೆ ಸ್ಟೆನ್ಸಿಲ್ ಅನ್ನು ಎತ್ತಿ ಮತ್ತೆ ಅದೇ ಜಾಗಕ್ಕೆ ಇಡಬೇಕೇ, ಅಥವಾ ಮೊದಲ ಲೇಪ ಆರುವ ತನಕ ಹಾಗೇ ಹಿಡಿದುಕೊಂಡು ಕೂರಬೇಕೇ? ಇನ್ನೊಂದು ಸಂದೇಹ, ಸೀಸೆಯಲ್ಲಿ ಉಳಿದ ಇಂಕ್ ಗಟ್ಟಿಯಾಗುತ್ತಿದೆ ಅನ್ನಿಸಿದರೆ ಏನು ಮಾಡಬೇಕು?

ಹಳೇ ಗಂಟು

ತುಂಡುಗಳ ಮೇಲೆ ನೋಡಿದ್ದು ಒಳ್ಳೆಯ ಉಪಾಯ. ಬಿಳಿಗೆ ಎರಡು ಲೇಪ ಬೇಕೇ ಬೇಕು. ಸ್ಟೆನ್ಸಿಲ್ ಎತ್ತಬೇಡಿ, ಎತ್ತಿ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಕಷ್ಟ. ಕೈಯಲ್ಲಿ ಹಿಡಿದು ಕೂರುವುದರ ಬದಲು ಮೂಲೆಗಳಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಸ್ಟ್ರಿಂಗ್‌ಗೆ ಬಿಗಿದಿಡಿ. ಮೊದಲ ಲೇಪದ ಹೊಳಪು ಪೂರ್ತಿ ಹೋದ ಮೇಲೆ ಎರಡನೆಯದನ್ನು ತಟ್ಟಿ. ಆದರೆ ಎರಡನೆಯದು ಆರುವವರೆಗೆ ಸ್ಟೆನ್ಸಿಲ್ ಅನ್ನು ಅಲ್ಲೇ ಇಟ್ಟಿರಬೇಡಿ, ದಪ್ಪವಾದ ಪೊರೆ ಅಂಚಿಗೆ ಅಂಟಿಕೊಂಡು ಎತ್ತುವಾಗ ಹರಿಯುತ್ತದೆ. ಹಸಿಬಿಸಿ ಇರುವಾಗಲೇ ಎತ್ತಿ. ಮುಚ್ಚಳ ಗಟ್ಟಿ ಹಾಕಿ ಸೀಸೆಯನ್ನು ನೇರವಾಗಿ ನಿಲ್ಲಿಸಿಟ್ಟರೆ ಇಂಕ್ ಬೇಗ ಗಟ್ಟಿಯಾಗುವುದಿಲ್ಲ. ಆದರೂ ಗಟ್ಟಿಯಾದರೆ, ಆಲ್ಕೋಹಾಲ್ ಆಧಾರದ ಇಂಕ್ ಆಗಿದ್ದಲ್ಲಿ, ಐಸೊಪ್ರೊಪೈಲ್ ಅನ್ನು ಕೆಲವೇ ಹನಿ ಸೇರಿಸಿ ಕುಲುಕಿ, ಮೊದಲು ಆ ಹಳೆಯ ತುಂಡುಗಳ ಮೇಲೆಯೇ ತಟ್ಟಿ ನೋಡಿ. ಸ್ಪಂಜೇ ಕಲ್ಲಾಗಿದ್ದರೆ ಅದನ್ನು ಕಿತ್ತು, ಪಾತ್ರೆ ತೊಳೆಯುವ ಹೊಸ ಸ್ಪಂಜಿನ ಸಣ್ಣ ತುಂಡಿನಿಂದ ಕೆಲಸ ನಡೆಸಬಹುದು.